ಮಷಿನ್ ಉಂಡಿ

ಉಂಡಿ ಒಣಗಿದೆಯೋ ಇಲ್ಲವೋ ಎಂಬುದನ್ನು ಅವರು ಕಿವಿಯಿಂದ ತಿಳಿಯುತ್ತಿದ್ದರು. ಬಿಸಿಲಿಗೆ ಹಾಸಿದ ಗೋಣಿತಟ್ಟಿನ ಮೇಲಿಂದ ಎರಡನ್ನೆತ್ತಿ, ಕಿವಿಯ ಹತ್ತಿರ ಹಿಡಿದು, ಒಂದಕ್ಕೊಂದು ಮೆಲ್ಲಗೆ ಬಡಿಯುತ್ತಿದ್ದರು. ಟಕ್ ಎಂದರೆ ಚೀಲಕ್ಕೆ, ದಬ್ ಎಂದರೆ ಮತ್ತೆ ಬಿಸಿಲಿಗೆ. ಕೇಳುವಾಗ ಕಣ್ಣು ಮುಚ್ಚುತ್ತಿದ್ದರು. ಹತ್ತು ಮಾರು ದೂರದಲ್ಲಿ ಸಾಮಿಲ್ಲಿನ ಗರಗಸ ಹೋ ಎಂದು ಕಿರಿಚುತ್ತಿದ್ದರೂ ಅವರಿಗೆ ಆ ಟಕ್ ಕೇಳುತ್ತಿತ್ತು. ನನಗೆ ಎಷ್ಟು ಸಲ ಕಿವಿಗೊಟ್ಟರೂ ಎರಡೂ ಒಂದೇ ಅನಿಸುತ್ತಿತ್ತು.

ತಿನ್ನುವ ಉಂಡಿಯಲ್ಲ ಮತ್ತೆ. ಒಲೆಗೆ ಹಾಕುವ ಉಂಡಿ. ಸಾಮಿಲ್ಲಿನಲ್ಲಿ ಮರ ಕೊಯ್ದಾಗ ಉದುರುವ ಹೊಟ್ಟು, ಕಮ್ಮಾರರ ಸಾಲೆಯಲ್ಲಿ ಉಳಿದ ಇದ್ದಲಿ ಪುಡಿ, ಒಂದಿಷ್ಟು ಸೆಗಣಿ, ಇವನ್ನು ಅನ್ನ ಬಸಿದ ಗಂಜಿಯಲ್ಲಿ ಕಲಸಿ, ನಾದಿ, ದೊಡ್ಡ ಲಿಂಬೆಹಣ್ಣಿನಷ್ಟು ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಪ್ರತಿಯೊಂದರ ನೆತ್ತಿಗೂ ಹೆಬ್ಬೆರಳು ಊರಿ ಒಂದು ಕುಳಿ ಮಾಡುತ್ತಿದ್ದರು. ಆ ಕುಳಿಯಿಂದ ಉಂಡಿ ಒಳತನಕ ಒಣಗುತ್ತಿತ್ತು, ಕಿಚ್ಚು ಅಲ್ಲಿಂದಲೇ ಹಿಡಿಯುತ್ತಿತ್ತು. ಸಾವಿರ ಉಂಡಿಯಿದ್ದರೆ ಸಾವಿರಕ್ಕೂ ಅದೇ ಹೆಬ್ಬೆರಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾಗಿದ್ದ ದಿನ, ಹೇಳಬೇಕಾಗಿದ್ದ ಜಾಗದಲ್ಲಿ ನನ್ನ ಬಾಯಿಗೆ ಬರದ ಹೆಸರು ಅದು. ಈಗ ಅವರು ತೀರಿಕೊಂಡ ಮೇಲೆ ಕಾಗದದ ಮೇಲೆ ಬರೆದು ದೊಡ್ಡಸ್ತಿಕೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಹಾನಗಲ್ಲಿಗೆ ಬಂದು, ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ಅಕ್ಕೋರಾಗಿದ್ದೆ. ಸೀಮೆಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಡಬ್ಬಿಗಳ ಸಾಲು ಹಚ್ಚಿ, ಪಾಳಿ ತಪ್ಪದಂತೆ ಡಬ್ಬಿಯ ಮೇಲೊಂದು ಕಲ್ಲಿಟ್ಟು ಬರುವ ಕಾಲ. ಕಟ್ಟಿಗೆ ಸಿಕ್ಕರೂ ಹಸಿ. ನಮ್ಮ ಅತ್ತೆಗೆ ದಮ್ಮಿನ ಬೇನೆ. ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತರೆಂದರೆ ಹೊಗೆಯೆಲ್ಲ ಅವರ ಎದೆಗೇ ಇಳಿಯುತ್ತಿತ್ತು. "ಈ ಒಲಿ ನನ್ನ ನುಂಗೇ ಬಿಡತೈತಿ ನೋಡ" ಎಂದು ಬೈಯುತ್ತ ಕೆಮ್ಮುತ್ತಿದ್ದರು, ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದರು.

ಶಾಲೆಯ ಎರಡು ಬೆಂಚುಗಳ ಕಾಲು ಮುರಿದಿದ್ದವು. ಹಲಗೆ ಕೊಯ್ಯಿಸಲು ಊರ ಹೊರಗಿನ ಸಾಮಿಲ್ಲಿಗೆ ಹೋದಾಗ ಅವರನ್ನು ಮೊದಲು ಕಂಡೆ. ಗೋಡೆಯ ಹಿಂದೆ ಆಳೆತ್ತರ ಹೊಟ್ಟಿನ ಗುಡ್ಡೆ. ಅದರ ಬುಡದಲ್ಲಿ ನಲವತ್ತು ದಾಟಿದ ಒಬ್ಬ ಎತ್ತರದ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಮೊಣಕೈ ತನಕ ಕಲಸುತ್ತಿದ್ದರು. ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಎಂದೋ ಗರಗಸ ಒಯ್ದಿತ್ತು.

"ಏನ್ ಮಾಡಾಕತ್ತೀರಿ?" ಎಂದೆ.

"ಉಂಡಿ ಕಟ್ಟಾಕತ್ತೇನ್ರಿ ಅಕ್ಕೋರ."

"ಯಾರ್ ತಿಂತಾರ ಇದನ್ನ?"

"ಒಲಿ ತಿಂತೈತ್ರಿ. ಅದಕ್ಕೂ ಹಸಿವಿರತೈತಲ್ರಿ?"

ಆಮೇಲೆ ಒಂದು ಹಿಡಿ ಹೊಟ್ಟೆತ್ತಿ ಮೂಸಿ, ಇದು ಸಾಗವಾನಿ, ಇದು ಮತ್ತಿ, ಇದು ಹಲಸು ಎಂದು ಬೇರೆ ಬೇರೆ ತೋರಿಸಿದರು. ನನಗೆ ಹಲಸಿನ ಹಳದಿ ಬಣ್ಣವಷ್ಟೇ ತಿಳಿಯಿತು. ಮಾಲೀಕನಿಗೆ ಆ ಗುಡ್ಡೆಯೊಂದು ತಲೆನೋವು. ಯಾರಾದರೂ ಹೊತ್ತುಕೊಂಡು ಹೋದರೆ ಸಾಕಾಗಿತ್ತು. ಹಗಲೆಲ್ಲ ಗರಗಸಕ್ಕೆ ದಿಮ್ಮಿ ಕೊಟ್ಟು, ಊಟದ ಹೊತ್ತಿನಲ್ಲಿ, ಇಳಿಹೊತ್ತಿನಲ್ಲಿ ಇವರು ಉಂಡಿ ಕಟ್ಟುತ್ತಿದ್ದರು. ಮೊದಮೊದಲು ಜೊತೆಯವರು ಚೇಷ್ಟೆ ಮಾಡಿದ್ದರಂತೆ, ತೌಡು ಕುಟ್ಟಾಕ ಹತ್ತ್ಯಾನ ಅಂತ. "ತೌಡ ಕುಟ್ಟಿದ್ರ ಏನೂ ಬರೂದಿಲ್ರಿ ಖರೆ. ಹೊಟ್ಟ ಕಲಸಿದ್ರ ಕಿಚ್ಚ ಬರತೈತಿ" ಎಂದು ಇವರು ನಕ್ಕರು.

ಅವರ ನಗೆಯ ಮಾತುಗಳಲ್ಲಿ ಒಂದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. "ಜನ ಹೊಟ್ಟಿಕಿಚ್ಚು ಕೆಟ್ಟದ್ದು ಅಂತಾರ್ರಿ. ಅದು ಬ್ಯಾರೆ ಹೊಟ್ಟಿ. ನಂದು ಈ ಹೊಟ್ಟಿನ ಕಿಚ್ಚು. ಇದು ಯಾರ ಮನೀನೂ ಸುಡೂದಿಲ್ಲ, ಅನ್ನಾ ಬೇಯಸ್ತೈತಿ." ಹುಡುಗಿಯರು ನಗುತ್ತಿದ್ದರು. ಯಾರ ಮಾತೆಂದು ಕೇಳಿದರೆ "ಒಬ್ಬ ಹಿರಿಯರ ಮಾತು" ಎನ್ನುತ್ತಿದ್ದೆ. ಅಲ್ಲಿಯೂ ಹೆಸರಿಲ್ಲ ನೋಡಿ.

ಅವತ್ತು ಸಾಮಿಲ್ಲಿನಿಂದ ಸೆರಗಿನಲ್ಲಿ ಹತ್ತು ಉಂಡಿ ಕಟ್ಟಿಕೊಂಡು ಮನೆಗೆ ಬಂದೆ. ಅತ್ತೆ ನೋಡಿ, "ಇದೇನ ತಂದೀ ನಮ್ಮವ್ವ, ಕಲತಾಕಿ ಅಂತ ತಂದ್ರ ಕುರಿ ಹಿಕ್ಕಿ ಆರಿಸ್ಕೊಂಡ ಬಂದ್ಯಲ್ಲ!" ಎಂದರು. ಒಂದನ್ನೆತ್ತಿ ಹೊರಳಿಸಿ ನೋಡಿದರು. ತಮ್ಮ ಹೆಬ್ಬೆರಳನ್ನು ಆ ಕುಳಿಯೊಳಗಿಟ್ಟು ನೋಡಿದರು. ಒಲೆಗೆ ಹಾಕಿದರು. ಕೆಂಡ ಹಿಡಿದ ಮೇಲೆ ಹೊಗೆಯಿಲ್ಲ, ಉರಿಯ ಗದ್ದಲವಿಲ್ಲ. ಹಾಲು ಕಾದು, ಬೇಳೆ ಬೆಂದು, ಬಚ್ಚಲಿಗೆ ಒಂದು ಕೊಡ ನೀರೂ ಕಾಯಿತು. ಅತ್ತೆ ಅವತ್ತು ಒಮ್ಮೆಯೂ ಕೆಮ್ಮಲಿಲ್ಲ. "ನಾಳಿ ಇನ್ನಷ್ಟ ತರಸು" ಎಂದರು.

ಹಾಗೆ ಅವರು ವಾರಕ್ಕೊಮ್ಮೆ ಚೀಲ ಹೊತ್ತು ನಮ್ಮ ಹಿತ್ತಲಿಗೆ ಬರತೊಡಗಿದರು. ಹಿತ್ತಲ ಬಾಗಿಲ ಬಳಿ ಒಂದು ಕಲ್ಲು, ಗೋಡೆಯ ಗೂಡಿನಲ್ಲಿ ಅವರಿಗೆಂದೇ ಒಂದು ಕಪ್ಪು. ಅತ್ತೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಅವರು ಕುಡಿದು, ತೊಳೆದು, ಕಪ್ಪನ್ನು ಮತ್ತೆ ಗೂಡಿನಲ್ಲಿ ಬೋರಲಿಡುತ್ತಿದ್ದರು. ಅವರದು ಹಿರೇಕೆರೂರ ತಾಲೂಕಿನ ಚಿಕ್ಕೇರೂರು, ಊರ ಹೊರಗಿನ ಕೇರಿ. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆಯೆಂದು ಒಮ್ಮೆ ಹೇಳಿದ್ದರು. "ಕಣ್ಣ ಮುಚ್ಚಿ ಕುಂತಾನ್ರಿ, ನನ್ನಂಗ. ಅಂವಾ ಏನ ಕೇಳ್ತಾನೋ ಗೊತ್ತಿಲ್ಲ." ನಾನು ಅವರನ್ನು 'ರೀ' ಹಚ್ಚಿಯೇ ಮಾತಾಡಿಸುತ್ತಿದ್ದೆ. ಅದಕ್ಕೆ ಓಣಿಯಲ್ಲಿ ನನ್ನ ಬೆನ್ನ ಹಿಂದೆ ನಗೆಯಾಡುತ್ತಿದ್ದರು, ನನಗೆ ಅದರಿಂದ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ರೀ ಹಚ್ಚುವುದು ಬಹಳ ಸಸ್ತಾ ಎಂಬುದು ಆಗ ಗೊತ್ತಿರಲಿಲ್ಲ. ಆ ಕಪ್ಪಿನ ಬಗ್ಗೆ ನಾನು ಒಂದು ದಿನವೂ ಬಾಯಿ ತೆರೆಯಲಿಲ್ಲ.

ಉಂಡಿಯನ್ನು ಊರೂರಿಗೆ ಒಯ್ದು ತೋರಿಸುವ ಹುರುಪು ಅವರಿಗೆ. ಶಿಗ್ಗಾಂವದ ಹೆದ್ದಾರಿಯ ಚಹಾದಂಗಡಿಯೊಂದರಲ್ಲಿ ಹಿಡಿಸಿತು, ದಿನವಿಡೀ ಕಿಟ್ಲಿ ಬಿಸಿ ಇರುತ್ತದಲ್ಲ. ಸವಣೂರಿನಲ್ಲಿ ಇಸ್ತ್ರಿಯವರೊಬ್ಬರು ಪೆಟ್ಟಿಗೆಗೆ ತುಂಬಿ ನೋಡಿ ಒಪ್ಪಿದರು. ಅಲ್ಲಿಯೇ ಮಂಡಕ್ಕಿ ಹುರಿಯುವ ಚುರಮರಿ ಭಟ್ಟಿಗೆ ಒಯ್ದಾಗ ಮಾತ್ರ ಸೋತು ಬಂದರು. ಚುರಮರಿ ಅರಳಲು ಒಮ್ಮೆಲೇ ಭಗ್ಗನೆ ಉರಿ ಬೇಕು. ಭಟ್ಟಿಯ ಮಾಲೀಕ ಉಸುಕಿನಲ್ಲಿ ಸುಮ್ಮನೆ ಮಲಗಿದ ಅಕ್ಕಿ ನೋಡಿ, "ನಿನ್ನ ಉಂಡಿ ಭಾಳ ಸಂಭಾವಿತ ಐತಪಾ, ನನಗ ಪುಂಡಾ ಬೇಕು" ಎಂದನಂತೆ. ಈ ಕತೆಯನ್ನು ಅವರು ತಾವೇ ಹೇಳಿ ತಾವೇ ನಗುತ್ತಿದ್ದರು. "ಹೊಟ್ಟಿಗೆ ಅವಸರ ಇಲ್ರಿ ಅಕ್ಕೋರ. ಅದು ತನ್ನ ಹೊತ್ತಿಗೆ ತಾ ಉರೀತೈತಿ."

ಆದರೆ ಮನೆಗಳಲ್ಲಿ ಉಂಡಿ ನಡೆಯಲಿಲ್ಲ. ಕಟ್ಟಿಗೆಯನ್ನು ಯಾರು ಒಡೆದರೂ ನಮ್ಮ ಒಲೆಗಳಿಗೆ ನಡೆಯುತ್ತದೆ. ಸೆಗಣಿಯ ಕುಳ್ಳು ಯಾರು ತಟ್ಟಿದರೂ ನಡೆಯುತ್ತದೆ. ಇದಕ್ಕೆ ಗಂಜಿ ಕೂಡಿತ್ತು, ನೀರು ಕೂಡಿತ್ತು, ಮೇಲೆ ಹೆಸರು ಉಂಡಿ. ಉಂಡಿ ಅಂದ ತಕ್ಷಣ ನಮ್ಮ ಹೆಂಗಸರ ಬಾಯಿಗೆ ಬರುವ ಮೊದಲ ಪ್ರಶ್ನೆ, "ಯಾರು ಕಟ್ಟಿದ್ದು?" ಕುಳ್ಳೆಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಬುದ್ಧಿವಂತೆಯಂತೆ ಅವರಿಗೆ ಅದನ್ನೇ ಹೇಳಿದೆ. "ಹೊಟ್ಟಿನ ಕುಳ್ಳು ಅನ್ರಲಾ."

ಅವರು ತಲೆ ಅಲ್ಲಾಡಿಸಿದರು. "ಕುಳ್ಳ ತಟ್ಟೂದು. ಇದು ಕಟ್ಟೂದು. ಕಟ್ಟಿದ್ದಕ್ಕ ಉಂಡಿ ಅಂತಾರ್ರಿ. ಇದ್ದ ಹೆಸರ ಹೇಳಾಕ ಯಾಕ ಹೆದರಬೇಕು?"

ನಾನು ಆ ವಾರದ ಚೀಲದ ರೊಕ್ಕ ಎಣಿಸಿ ಕೊಟ್ಟೆ.

ಮರುವರ್ಷ ಮಳೆಗಾಲದಲ್ಲಿ ನನ್ನ ಕುಬಸ, ಸೀಮಂತದ ಶಾಸ್ತ್ರ. ಏಳು ತಿಂಗಳು ತುಂಬಿತ್ತು. ನೂರು ಜನರ ಊಟ, ಹೋಳಿಗೆ ಅಡುಗೆ. ಎರಡು ದಿನದಿಂದ ಜಿಟಿಜಿಟಿ ಮಳೆ ಹಿಡಿದು ಕಟ್ಟಿಗೆಯೆಲ್ಲ ನೆನೆದು ಮುದ್ದೆಯಾಗಿತ್ತು. ಅತ್ತೆಯೇ ಹೇಳಿಕಳಿಸಿ ಉಂಡಿ ತರಿಸಿದರು. ಹೋಳಿಗೆಯ ಹಂಚಿಗೆ ಅಂಥ ಬೆಂಕಿ ಇನ್ನೊಂದಿಲ್ಲ, ಒಂದೇ ಸಮ, ಒಂದೇ ಹದ. ನಾನು ಹಸಿರು ಸೀರೆಯುಟ್ಟು, ಮೊಣಕೈ ತನಕ ಹಸಿರು ಬಳೆ ಇಟ್ಟುಕೊಂಡು ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದೆ. ಅಲ್ಲಿಂದ ಅಡುಗೆಮನೆ ಕಾಣುತ್ತಿತ್ತು, ಅದರಾಚೆ ಹಿತ್ತಲ ಬಾಗಿಲೂ ಕಾಣುತ್ತಿತ್ತು.

ಶಿಗ್ಗಾಂವದಿಂದ ನನ್ನ ಗಂಡನ ಸೋದರತ್ತೆ ಬಂದಿದ್ದರು. ಕಾಳುಕಡಿ ವ್ಯಾಪಾರದ ದೊಡ್ಡ ಮನೆಯ ಯಜಮಾನಿ. ಅವರು ಬಾಯಿ ತೆರೆದರೆ ನಮ್ಮ ಮನೆಯಲ್ಲಿ ಗಂಡಸರೂ ಎದ್ದು ನಿಲ್ಲುತ್ತಿದ್ದರು. ಒಲೆಯ ಮುಂದೆ ಬಗ್ಗಿ, "ಎಷ್ಟ ಚಂದ ಕುಂತೈತಿ ಬೆಂಕಿ! ಇದೇನವಾ ಇದು?" ಎಂದರು.

ಹೋಳಿಗೆ ತಟ್ಟುತ್ತಿದ್ದ ಹೆಂಗಸು, "ಉಂಡಿ ಅಂತಾರ್ರೀ ಅವ್ವಾರ. ಹೊಟ್ಟು, ಗಂಜಿ ಹಾಕಿ ಕಟ್ಟಿದ್ದು" ಎಂದಳು.

"ಗಂಜೀನ? ಯಾರ ಮನಿ ಗಂಜಿ? ಯಾರ್ ಕಟ್ಟಿದ್ದು?"

ಅದೇ ಹೊತ್ತಿಗೆ ಅವರು ಎರಡನೆಯ ಚೀಲ ಹೊತ್ತು ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಮಳೆಗೆ ತಲೆಯ ಮೇಲೆ ಗೋಣಿ ಕೊಪ್ಪೆ. ಶಿಗ್ಗಾಂವದ ಅತ್ತೆ ಅವರನ್ನು ನೋಡಿದರು, ಒಲೆಯನ್ನು ನೋಡಿದರು, ಬುಟ್ಟಿಯಲ್ಲಿ ಒಟ್ಟಿದ ಹೋಳಿಗೆಯನ್ನು ನೋಡಿದರು. ಅಡುಗೆಮನೆಯಲ್ಲಿ ಎಲ್ಲರ ಕೈ ನಿಂತಿತು. ಇನ್ನೊಂದು ಮಾತು ಆಚೀಚೆಯಾದರೆ ಅಡುಗೆಯೆಲ್ಲ ತಿಪ್ಪೆಗೆ, ಕುಬಸ ಅರ್ಧಕ್ಕೆ, ಅವರ ಗತಿ ಏನಾಗುತ್ತಿತ್ತೋ ದೇವರೇ ಬಲ್ಲ. ನಾನು ಮಣೆಯ ಮೇಲಿಂದಲೇ ಕೂಗಿ ಹೇಳಿದೆ.

"ಅತ್ತೀ, ಅದನ್ನ ಮಷಿನ್ ಕಟ್ಟತೈತ್ರಿ! ಸಾಮಿಲ್ಲಿನ್ಯಾಗ ಹೊಸಾ ಮಷಿನ್ ಬಂದೈತಿ. ಯಾರ ಕೈನೂ ಹತ್ತೂದಿಲ್ಲ. ಇವರು ಬರೇ ಹೊತ್ತ ತರತಾರ."

"ಹಂಗನ್ನು ಮತ್ತ" ಎಂದರು ಶಿಗ್ಗಾಂವದ ಅತ್ತೆ. ಎಲ್ಲರ ಕೈ ಮತ್ತೆ ಓಡಿತು. ಹೋಳಿಗೆ ಮಗುಚುತ್ತಿದ್ದ ನಮ್ಮ ಅತ್ತೆ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದರು, ಮತ್ತೆ ಹಂಚಿನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಅವರು ಚೀಲವನ್ನು ಸದ್ದಾಗದಂತೆ ಕೆಳಗಿಳಿಸಿ ಹೋದರು. ಅವರಿಗೆಂದು ಎಲೆಯಲ್ಲಿ ಕಟ್ಟಿಟ್ಟ ಊಟ ಸಂಜೆಯ ತನಕ ಆ ಕಲ್ಲಿನ ಮೇಲೆ ಮಳೆಯಲ್ಲಿ ನೆನೆಯುತ್ತಿತ್ತು.

ಸಮಾನತೆಯ ವಚನಗಳನ್ನು ಹುಡುಗಿಯರಿಗೆ ರಾಗವಾಗಿ ಕಲಿಸುತ್ತಿದ್ದವಳು ನಾನು. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಅವರನ್ನು ಉಳಿಸಿದೆನೆಂದು ಅವತ್ತು ನಿಜವಾಗಿ ನಂಬಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದರ ಅರ್ಥ ತಿಳಿಯಲು ನಾಲ್ಕು ದಿನ ಹಿಡಿಯಿತು.

ನಾಲ್ಕನೆಯ ದಿನ ಅವರು ಬಂದರು. ಚಹಾ ಕೊಟ್ಟೆ. ಕಪ್ಪು ತೊಳೆದು ಬೋರಲಿಟ್ಟ ಮೇಲೆ, ಗೋಡೆಯ ಕಡೆ ನೋಡುತ್ತಲೇ ಹೇಳಿದರು. "ಸಾಮಿಲ್ಲು ಒಂದ ಬೊಟ್ಟು ಒಯ್ದಿತ್ರಿ ಅಕ್ಕೋರ. ನೀವು ಎರಡೂ ಕೈ ಒಯ್ದ್ರಿ."

ನನಗೆ ಅಳು ಬಂತು. "ನಿಮ್ಮ ಸಲುವಾಗೇ ಅಂದ್ನ್ಯಲ್ರಿ" ಎಂದೆ.

"ಗೊತ್ತೈತ್ರಿ. ಸಿಟ್ಟಿಲ್ಲ. ಇದ್ದದ್ದ ಹೇಳಿದೆ."

ಆಮೇಲೆ ಆದದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಶಿಗ್ಗಾಂವದ ಅತ್ತೆ ಹೋಗುವಾಗ ಒಂದು ಚೀಲ ಉಂಡಿ ಒಯ್ದರು. ತಿಂಗಳೊಳಗೆ ಅವರ ಬೀಗರು, ಬೀಗರ ಬೀಗರು ಎಲ್ಲರಿಗೂ ಅದು ಬೇಕಾಯಿತು. "ಹಾನಗಲ್ಲ ಮಷಿನ್ ಉಂಡಿ" ಎಂದೇ ಹೆಸರಾಯಿತು. ಶಿಗ್ಗಾಂವದ ಮನೆಗಳಿಗೆ, ಸವಣೂರಿಗೆ, ಹಿರೇಕೆರೂರಿಗೆ ಬಸ್ಸಿನ ಮೇಲೆ ಚೀಲಗಳು ಹೋಗತೊಡಗಿದವು. ಅವರು ಗರಗಸದ ಕೆಲಸ ಬಿಟ್ಟರು. ಹೆಂಡತಿ ಮಗಳನ್ನು ಚಿಕ್ಕೇರೂರಿನಿಂದ ಕರೆತಂದು ಸಾಮಿಲ್ಲಿನ ಹಿಂದೆಯೇ ಒಂದು ತಗಡಿನ ಮನೆ ಮಾಡಿದರು. ಮಗಳು ನಮ್ಮ ಶಾಲೆಗೆ ಸೇರಿದಳು. ನನ್ನ ಸುಳ್ಳು ಅವರಿಗೆ ಅನ್ನ ಕೊಟ್ಟಿತು, ಅದೇ ನನ್ನ ಬಾಯಿ ಕಟ್ಟಿತು.

ಒಂದು ದಿನ ಯಾರೋ ಕೇಳಿದರಂತೆ, ಮಷಿನ್ ಕಟ್ಟಿದರೆ ಈ ಹೆಬ್ಬೆರಳಿನ ಗುರುತು ಯಾಕೆ ಅಂತ. ಅಂದಿನಿಂದ ಅವರು ಹೆಬ್ಬೆರಳು ಊರುವುದನ್ನು ಬಿಟ್ಟರು. ಮತ್ತಿಯ ಹಲಗೆಯಲ್ಲಿ ದುಂಡನೆ ತೂತು ಕೊರೆದು ಅಚ್ಚು ಮಾಡಿದರು, ಮೇಲೊಂದು ಒತ್ತುವ ಕೋಲು. ಹೊಟ್ಟನ್ನು ತುಂಬಿ ಒತ್ತಿದರೆ ಬೆರಳುದ್ದದ ನುಣುಪಾದ ತುಂಡುಗಳು ಬೀಳುತ್ತಿದ್ದವು. "ನೋಡ್ರಿ, ನಿಮ್ಮ ಸುಳ್ಳ ಖರೆ ಮಾಡೇನಿ" ಎಂದು ತೋರಿಸಿದರು. ಕಲಸುವುದು, ತುಂಬುವುದು, ಒತ್ತುವುದು ಎಲ್ಲ ಅದೇ ಕೈ. ಕಾಣುವ ಗುರುತಷ್ಟೇ ಇಲ್ಲ. ಆದರೆ ಕುಳಿಯಿಲ್ಲದ ಉಂಡಿ ಒಳಗೆ ಒಣಗಲೊಲ್ಲದು. ಆ ವರ್ಷ ಮಳೆಗಾಲದಲ್ಲಿ ಹೊಗೆ ಹೊಗೆ. ನಮ್ಮ ಅತ್ತೆಯ ಕೆಮ್ಮು ಮರಳಿ ಬಂತು. ಅಚ್ಚು ಹಿಡಿದು ಅವರು ಪಡಬಾರದ ಪಾಡು ಪಟ್ಟು, ಕೊನೆಗೆ ನಡುವೆ ಕಬ್ಬಿಣದ ಸರಳು ತೂರಿಸಿ ತೂತು ಬಿಡುವುದನ್ನು ಕಲಿತರು. ಒಂದು ಹೆಬ್ಬೆರಳು ಮಾಡುತ್ತಿದ್ದ ಕೆಲಸಕ್ಕೆ ಒಂದು ಅಚ್ಚು, ಒಂದು ಕೋಲು, ಒಂದು ಸರಳು ಬೇಕಾದವು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಶಾಲೆಯಲ್ಲಿ ಕೈಕೆಲಸಗಳ ಪ್ರದರ್ಶನ ನಡೆಯಿತು. ನಾನೇ ಅವರನ್ನು ಕರೆದೆ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹಿಂದಿನ ದಿನ ಶಾಲೆಗೆ ಬಂದು ಜಾಗ ನೋಡಿದರು. ಇಲ್ಲಿ ಹೊಟ್ಟು, ಇಲ್ಲಿ ಗಂಜಿ ಎಂದು ಅಳೆದರು. ಆಮೇಲೆ ತುಸು ತಡೆದು ಕೇಳಿದರು.

"ಅಕ್ಕೋರ, ಒಂದ ಮಾತ. ನಾಳಿ ಎಲ್ಲಾರೂ ಬರತಾರ. ಒಂದಸಲ ಹೇಳ್ರಲಾ, ಇದನ್ನ ಇಂವಾ ಕೈಲೆ ಕಟ್ಟತಾನ ಅಂತ. ನನ್ನ ಮಗಳು ಕೇಳಲಿ. ಸಾಲ್ಯಾಗ ಹುಡುಗ್ಯಾರು ಆಕೀಗೆ ನಿಮ್ಮಪ್ಪ ಚೀಲ ಹೊರಾಂವ ಅಂತಾರಂತ."

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ. ನಾಳೆ ಬರುವವರಲ್ಲಿ ಉಂಡಿ ಕೊಳ್ಳುವ ಮನೆಗಳ ಹೆಂಗಸರೇ ಹೆಚ್ಚು, ಶಿಗ್ಗಾಂವದ ಅತ್ತೆಯ ಕಡೆಯವರೂ ಇದ್ದಾರೆ. "ವ್ಯಾಪಾರ ಕೆಡತೈತ್ರಿ" ಎಂದೆ. "ಮಗಳ ಓದು ಮುಗೀಲಿ, ಮುಂದ ಹೇಳೂಣು. ನಾಳಿ ಕಲಸೂದು ಬ್ಯಾಡ, ಅಚ್ಚು ತಂದು ತೋರಿಸಿದ್ರ ಸಾಕು."

ಅವರು ಅಳೆದ ಜಾಗವನ್ನು ಕಾಲಿನಿಂದ ಮೆಲ್ಲಗೆ ಅಳಿಸಿದರು. "ಆತ್ರಿ. ಮುಂದ ನೋಡೂಣು. ಹೊಟ್ಟಿಗೇನ ಅವಸರ ಇಲ್ಲ."

ಮರುದಿನ ಅಚ್ಚನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬಂದವರೆಲ್ಲ ಅಚ್ಚನ್ನು ಹೊಗಳಿದರು. ಅವರ ಮಗಳು ನನ್ನ ಬಾಯನ್ನೇ ನೋಡುತ್ತ ಸಾಲಿನಲ್ಲಿ ನಿಂತಿದ್ದಳು. ನಾನು ಬೇರೆ ಮೇಜಿನ ಕಡೆ ಹೋದೆ.

ಆ 'ಮುಂದ' ಬರಲಿಲ್ಲ. ಮಗಳ ಓದು ಮುಗಿಯಿತು, ನರ್ಸ್ ಕೆಲಸ ಸಿಕ್ಕು ಹೋದಳು. ಕಾಡಿನ ಮರ ಬರುವುದು ನಿಂತು ಸಾಮಿಲ್ಲು ಮುಚ್ಚಿತು. ಹೊಟ್ಟಿಲ್ಲದೆ ಉಂಡಿಯಿಲ್ಲ. ದೊಡ್ಡ ಮನೆಗಳಿಗೆ ಗ್ಯಾಸು ಬಂತು, ನಮಗೂ ಬಂತು. ಅವರು ಅಚ್ಚು ಹೊತ್ತು ಚಿಕ್ಕೇರೂರಿಗೆ ಮರಳಿದರು. ಹೋಗುವ ದಿನ ಹಿತ್ತಲಿಗೆ ಬಂದು ಹೋಗಿದ್ದರಂತೆ, ನಾನು ಶಾಲೆಯಲ್ಲಿದ್ದೆ. ಚಿಕ್ಕೇರೂರು ಎಷ್ಟು ದೂರ? ಬಸ್ಸಿದೆ. ಒಮ್ಮೆ ಹೋಗಬೇಕು, ಹೋಗಬೇಕು ಅನ್ನುವುದರಲ್ಲೇ ವರ್ಷಗಳು ಕಳೆದವು. ಅವಸರವಿಲ್ಲವೆಂದು ಅವರೇ ಹೇಳಿದ್ದರಲ್ಲ, ಅದನ್ನೇ ನೆಪ ಮಾಡಿಕೊಂಡೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ, ಅವರ ಮಗಳು ನಮ್ಮ ಮನೆಗೆ ಬಂದಳು. ಹಿತ್ತಲಿನಿಂದಲೇ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ನಾನು ಹೊರಗೆ ಬಂದು "ಅಪ್ಪ ಹೆಂಗದಾರವಾ?" ಎಂದೆ.

"ಅಪ್ಪ ಹೋಗಿ ಹದಿನೈದ ದಿವಸಾತ್ರಿ ಅಕ್ಕೋರ."

ನಾನು ಅಲ್ಲೇ, ಅವರು ಕೂರುತ್ತಿದ್ದ ಕಲ್ಲಿನ ಮೇಲೆ ಕೂತುಬಿಟ್ಟೆ. ಆಕೆ ಗಂಟು ಬಿಚ್ಚಿದಳು. ಒಳಗೆ ಐದು ಉಂಡಿ. ಅಚ್ಚಿನವಲ್ಲ. ಮೊದಲಿನಂತೆ ದುಂಡಗೆ ಕೈಯಲ್ಲಿ ಕಟ್ಟಿದವು, ನೆತ್ತಿಯ ಮೇಲೆ ಹೆಬ್ಬೆರಳಿನ ಕುಳಿ. "ಹಾಸಿಗಿ ಹಿಡಿಯೂಕಿಂತ ಮೊದಲ ಕಟ್ಟಿಟ್ಟಿದ್ದ. ಅಕ್ಕೋರಿಗೆ ಕೊಡು ಅಂದಿದ್ದ" ಎಂದಳು.

ನಾನು ಕೈ ಚಾಚಿದೆ.

"ಕೈಯಾಗ ತಗೋಬ್ಯಾಡ" ಎಂದರು ಅತ್ತೆ ಕಟ್ಟೆಯ ಮೇಲಿಂದ. ನನ್ನ ಮೈ ಉರಿಯಿತು. ಇನ್ನೂ ಇವರಿಗೆ ಮಡಿ ಮೈಲಿಗೆಯೇ ಎಂದುಕೊಂಡು ತಿರುಗಿದರೆ, ಅತ್ತೆ ಎದ್ದು ನಿಂತಿದ್ದರು. "ಐದ ಅದಾವ. ಉಡ್ಯಾಗ ತಗೋ."

ನಾನು ಸೆರಗೊಡ್ಡಿದೆ. ಆಕೆ ಒಂದೊಂದಾಗಿ ಐದನ್ನೂ ನನ್ನ ಉಡಿಗೆ ಹಾಕಿದಳು. ಕುಬಸದ ದಿನ ಇಂಥದೇ ಉಡಿ ತುಂಬಿಕೊಂಡು ಕೂತು ಆ ಮಾತಾಡಿದ್ದು ನೆನಪಾಯಿತು. ಇನ್ನು ತಡೆಯಲಾಗಲಿಲ್ಲ.

"ಅತ್ತೀ, ಇವನ್ನ ಮಷಿನ್ ಕಟ್ಟಿದ್ದಲ್ಲ. ಎಂದೂ ಮಷಿನ್ ಇರಲಿಲ್ಲ. ಎಲ್ಲಾ ಈಕಿ ಅಪ್ಪನ ಕೈಲೆ ಕಟ್ಟಿದ್ದು. ಅವತ್ತ ನಾ ಸುಳ್ಳ ಹೇಳಿದ್ದೆ."

ಅತ್ತೆ ನನ್ನನ್ನೇ ನೋಡಿದರು. "ಹುಚ್ಚಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ? ಮಷಿನ್ನಿಗೆ ಎಲ್ಲ್ಯರ ಹೆಬ್ಬೊಟ್ಟ ಇರತಾವ? ನೀ ಸೆರಗಿನ್ಯಾಗ ತಂದ ಮೊದಲನೇ ದಿನಾನ ಬೊಟ್ಟಿಟ್ಟ ನೋಡಿದ್ದೆ. ಗಂಡಸಿನ ಹೆಬ್ಬೊಟ್ಟು, ದೊಡ್ಡದು."

"ಮತ್ತ ಅವತ್ತ ಯಾಕ ಸುಮ್ಮನಿದ್ರಿ?"

"ನೀ ಕಲತಾಕಿ. ಇವತ್ತಲ್ಲ ನಾಳಿ ನೀನ ಹೇಳ್ತಿ ಅಂತ ಇದ್ದೆ. ನಾ ಹೇಳೂ ಹಂಗ ಇದ್ದಿದ್ರ ಆ ಕಪ್ಪ ಯಾಕ ಬ್ಯಾರೆ ಇಡತಿದ್ದೆ?"

ಮಗಳು ಕಣ್ಣೊರೆಸಿಕೊಂಡಳು. "ಅಪ್ಪಗ ಗೊತ್ತಿತ್ರಿ, ಅವ್ವಾರಿಗೆ ಗೊತ್ತೈತಿ ಅಂತ. ಶಿಗ್ಗಾಂವದಾಗೂ ಎಷ್ಟೋ ಮಂದಿಗೆ ಗೊತ್ತಿತ್ತಂತ. ಹೊಗಿ ಬರೂದಿಲ್ಲ, ಸುಮ್ಮನ ತಗೋತಾರ ಅಂತಿದ್ದ. ಬರೇ ನಿಮ್ಮ ಬಾಯಿಲೆ ಒಂದಸಲ ಕೇಳಬೇಕ ಅಂತ ಇತ್ತು ಅವಂಗ."

ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಹದಿನಾಲ್ಕು ವರ್ಷ ನಾನು ಆ ಸುಳ್ಳನ್ನು ಯಾರ ಸಲುವಾಗಿ ಕಾದುಕೊಂಡು ಕೂತಿದ್ದೆ? ಅವತ್ತಿನಿಂದ ಇಂದಿನವರೆಗೆ ಕೇಳಿಕೊಳ್ಳುತ್ತಲೇ ಇದ್ದೇನೆ.

ಅತ್ತೆ ಗೋಡೆಯ ಗೂಡಿಗೆ ಕೈ ಹಾಕಿ ಆ ಹಳೆಯ ಕಪ್ಪನ್ನು ತೆಗೆದರು. ಧೂಳು ಕಟ್ಟಿತ್ತು. ತೊಳೆದರು, ಒಳಗೆ ಒಯ್ದು ನಮ್ಮ ಕಪ್ಪುಗಳ ಸಾಲಿನಲ್ಲಿಟ್ಟರು. "ಒಳಗ ಬಾರವಾ" ಎಂದು ಆಕೆಯನ್ನು ಕರೆದರು. ನನಗೆ, "ಹಿತ್ತಲ ಒಲಿಗೆ ಒಂದ ಉಂಡಿ ಹಾಕು, ಚಾ ಇಡು" ಎಂದರು. ನಾನು ಉಡಿಯನ್ನು ಎದೆಗವಚಿಕೊಂಡು ನಿಂತಿದ್ದೆ. "ಹಾಕ. ಅಂವಾ ಉರೀಲಿ ಅಂತ ಕಟ್ಟ್ಯಾನ, ಪೂಜಾ ಮಾಡ್ಲಿ ಅಂತಲ್ಲ."

ಹಾಕಿದೆ. ಮೂವರೂ ಒಲೆಯ ಮುಂದೆ ಕೂತು ಚಹಾ ಕುಡಿದೆವು. ಅತ್ತೆ ಆ ಗೂಡಿನ ಕಪ್ಪನ್ನು ತಾವು ತೆಗೆದುಕೊಂಡಿದ್ದರು. ಮಗಳು ಸಂಜೆಯ ಬಸ್ಸಿಗೆ ಹೋದಳು.

ಬಸ್ಸು ಹತ್ತಿಸಿ ಬಂದು ನೋಡಿದರೆ ಉಂಡಿ ಆರಿತ್ತು. ಪೂರ್ತಿ ಬೂದಿಯಾಗಿದ್ದರೂ ದುಂಡಗೆ ಹಾಗೆಯೇ ಕೂತಿತ್ತು. ನೆತ್ತಿಯ ಮೇಲೆ ಹೆಬ್ಬೆರಳಿನ ಕುಳಿ ಎದ್ದು ಕಾಣುತ್ತಿತ್ತು. ಅಭ್ಯಾಸದಂತೆ ಬೂದಿ ತೆಗೆಯಲು ಬಗ್ಗಿದೆ.

"ಮುಟ್ಟಬ್ಯಾಡ" ಎಂದರು ಅತ್ತೆ. "ಇವತ್ತೊಂದ ದಿನ ಹಂಗ ಇರಲಿ."